ಹಡಗಿನ ಊಟಕ್ಕೆ ಉಡಿಸಿದ ಸೀರೆ

ಹಡಗಿನ ದೊಡ್ಡ ಊಟದ ಹಾಲಿಗೆ ನೈಟಿಯಲ್ಲಿ ಹೋಗಬಹುದೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಹೋಗಬಾರದು ಎಂದು ನಾನೇ ತೀರ್ಮಾನ ಮಾಡಿದೆ. ಆಮೇಲೆ ಆದದ್ದಕ್ಕೆಲ್ಲ ಆ ತೀರ್ಮಾನವೇ ಮೂಲ.

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಂಬಯಿಯಲ್ಲಿ ನಮ್ಮಂಥವರನ್ನು ಮಾವಶಿ ಎಂದು ಕರೆಯುತ್ತಾರೆ. ಬೊರಿವಲಿಯ ಬ್ಯೂರೋದವರು ಹೇಳಿದ ಮನೆಗೆ ಹೋಗಿ ಹನ್ನೆರಡು ತಾಸು ಡ್ಯೂಟಿ ಮಾಡಬೇಕು, ಲೋಕಲ್ ರೈಲು ಹಿಡಿದು ಮಲಾಡಿನ ಚಾಳಿನ ಕೋಣೆಗೆ ಮರಳಬೇಕು. ಆಗ ನಾನು ಸಾಂತಾಕ್ರೂಜಿನ ಒಂದು ಮನೆಯಲ್ಲಿದ್ದೆ. ಉಡುಪಿ ಕಡೆಯವರು, ಹೋಟೆಲಿನವರು. ನಾನು ನೋಡಿಕೊಳ್ಳಬೇಕಾದದ್ದು ಆ ಮನೆಯ ಹಿರಿಯಮ್ಮನನ್ನು. ನನಗಿಂತ ಎಂಟೇ ವರ್ಷ ದೊಡ್ಡವರು, ಆದರೂ ಅಮ್ಮ ಎನ್ನುತ್ತಿದ್ದೆ. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಬಲಗೈ ಮಡಚಿ ಎದೆಗೆ ಅಂಟಿಕೊಂಡಿತ್ತು. ಆ ಕಡೆ ಚಿವುಟಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ.

ಮಾತೂ ಹೋಗಿತ್ತು. ಉಳಿದದ್ದು ಮೂರು ಶಬ್ದ, ಮೂರೂ ತುಳು. ದೇವೆರೇ, ಬಲೆ, ಬೊಡ್ಚಿ. ಬಲೆ ಎಂದರೆ ಬನ್ನಿ. ಬೊಡ್ಚಿ ಎಂದರೆ ಬೇಡ. ವಿಜಾಪುರದ ಕಡೆಯವಳಾದ ನನಗೆ ತುಳು ಬಾರದು, ಆದರೆ ಮೂರು ಶಬ್ದಕ್ಕೆ ಎಷ್ಟು ತುಳು ಬೇಕು? ದಿನಕ್ಕೆ ನೂರು ಸಲ ಬೊಡ್ಚಿ ಎನ್ನುತ್ತಿದ್ದರು. ಮಾತ್ರೆಗೆ ಬೊಡ್ಚಿ, ಸ್ನಾನಕ್ಕೆ ಬೊಡ್ಚಿ, ಗಂಜಿಗೆ ಬೊಡ್ಚಿ. ಎಲ್ಲ ಬೊಡ್ಚಿಯನ್ನೂ ಕೇಳುತ್ತ ಕೂತರೆ ರೋಗಿ ಉಳಿಯುವುದಿಲ್ಲ. ಆದರೆ ಅದರಲ್ಲಿ ಎರಡು ಬಗೆ ಇದೆ ಎಂಬುದು ಎರಡು ತಿಂಗಳಾದ ಮೇಲೆ ನನಗೆ ತಿಳಿಯಿತು. ಮುಖ ಗೋಡೆಗೆ ತಿರುಗಿಸಿ ಹೇಳಿದರೆ ಅದು ಬರಿಯ ಹಟ. ಎಡಗೈಯಿಂದ ನನ್ನ ಕೈ ತಳ್ಳಿ ಹೇಳಿದರೆ ಅದು ನಿಜವಾದ ಬೇಡ. ಎಲ್ಲೋ ಒತ್ತುತ್ತಿದೆ, ನೀರು ಹೆಚ್ಚು ಬಿಸಿಯಾಗಿದೆ, ಏನೋ ನೋಯುತ್ತಿದೆ ಎಂದು ಅರ್ಥ. ಇದನ್ನು ಅವರ ಸೊಸೆಗೂ ಹೇಳಿಕೊಟ್ಟಿದ್ದೆ. ಹೇಳಿಕೊಟ್ಟವಳು ನಾನೇ ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಅಮ್ಮನ ಬಟ್ಟೆ ಎಂದರೆ ನೈಟಿ. ಆರು ನೈಟಿಗಳನ್ನು ನಾನೇ ಕತ್ತರಿಸಿ ಹೊಲಿದಿದ್ದೆ. ಬಲದೋಳಿನ ಹೊಲಿಗೆಯನ್ನು ಕುತ್ತಿಗೆಯಿಂದ ಮೊಣಕೈವರೆಗೆ ಬಿಚ್ಚಿ ಪ್ರೆಸ್ ಬಟನ್ ಹಾಕಿದ್ದೆ. ಬೆನ್ನ ಕಡೆ ಸೊಂಟದಿಂದ ಕೆಳಗೆ ಸೀಳು ಬಿಟ್ಟಿದ್ದೆ, ಯಾಕೆಂದರೆ ಕೂತಾಗ ಬಟ್ಟೆಯ ಒಂದು ಮಡಿಕೆ ಅಡಿಗೆ ಸಿಕ್ಕರೂ ಸಾಕು, ಹುಣ್ಣಾಗುತ್ತದೆ. ತೊಡಿಸುವಾಗ ಸತ್ತ ಕೈ ಮೊದಲು, ತೆಗೆಯುವಾಗ ಒಳ್ಳೆಯ ಕೈ ಮೊದಲು. ಹೆಗಲ ಮೇಲೆ ಜೊಲ್ಲಿಗೆ ಒಂದು ಟವೆಲ್. ಹೀಗೆ ಮೂರು ವರ್ಷ ಅವರ ಮೈಮೇಲೆ ಒಂದು ಕೆಂಪು ಗೆರೆ ಏಳದಂತೆ ನೋಡಿಕೊಂಡಿದ್ದೆ.

ಹೋಟೆಲಿನವರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಎಂಬುದೇ ಇರಲಿಲ್ಲ. ಮಗ ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಹೋಟೆಲಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದ. ಸೊಸೆಯದು ಯಾವಾಗಲೋ. ಮೊಮ್ಮಗಳದು ಆಫೀಸಿನಲ್ಲಿ. ನಾನು ಅಮ್ಮನನ್ನು ವೀಲ್‌ಚೇರಿನಲ್ಲಿ ಡೈನಿಂಗ್ ಟೇಬಲ್ಲಿಗೆ ತಂದಾಗ ಎದುರಿಗೆ ಮೂರು ಕುರ್ಚಿ ಖಾಲಿ. ಅಮ್ಮ ಆ ಕುರ್ಚಿಗಳನ್ನು ನೋಡಿ ಬಲೆ ಎನ್ನುತ್ತಿದ್ದರು. ಒಂದು ತುತ್ತಿಗೆ ಒಂದು ಬಲೆ.

ಇದನ್ನು ಒಂದು ದಿನ ಮೊಮ್ಮಗಳು ನೋಡಿದಳು. ಅವಳೇ ಹಡಗಿನ ಮಾತು ತೆಗೆದದ್ದು. ಮುಂಬಯಿಯಿಂದ ಗೋವಾಕ್ಕೆ ಹೋಗಿ ಬರುವ ದೊಡ್ಡ ಹಡಗು, ನಾಲ್ಕು ದಿನ.

"ಶಿಪ್ಪಿನಿಂದ ಪಪ್ಪಾ ಎಲ್ಲಿಗೆ ಓಡ್ತಾರೆ? ಸಮುದ್ರದಲ್ಲಿ ಹೋಟೆಲ್ ಇಲ್ಲ ನಾ. ತೀನ್ ಡಿನರ್ ಪಕ್ಕಾ, ಅಜ್ಜಿಯ ಜೊತೆ" ಎಂದಳು.

"ಅಲ್ಲಿಯೂ ಕಿಚನ್ ಉಂಟಲ್ಲ ಮಾರಾಯ್ತಿ, ನಿನ್ನಪ್ಪ ನೋಡ್ಲಿಕ್ಕೆ ಹೋಗ್ತಾರೆ" ಎಂದು ಸೊಸೆ ನಕ್ಕಳು.

ಮಗ ನಗಲಿಲ್ಲ. ತಾಯಿಯನ್ನು ನೋಡುತ್ತ, "ಹೋಗುವ. ಮೂರು ಊಟ ಆದ್ರೂ ಅಮ್ಮನೊಟ್ಟಿಗೆ ಆಗ್ಲಿ" ಎಂದ. ನನ್ನ ಕಡೆ ತಿರುಗಿ, "ಮಾವಶಿ, ನೀವು ಬರದಿದ್ರೆ ನಮ್ಮಿಂದಾಗ್ಲಿಕ್ಕಿಲ್ಲ" ಎಂದ.

"ಬರತೀನ್ರಿ. ನಾ ಎಂದ ಹಡಗ ಹತ್ತಬೇಕು?" ಎಂದೆ.

ಹಡಗಿನ ಕೋಣೆ ಸಣ್ಣದು. ಬಾತ್‌ರೂಮಿಗೆ ಒಂದು ಹೊಸ್ತಿಲು, ವೀಲ್‌ಚೇರಿನ ಮುಂದಿನ ಚಕ್ರ ಅಲ್ಲಿ ತಡೆಯುತ್ತಿತ್ತು. ಅದಕ್ಕೆ ಹಿಮ್ಮುಖವಾಗಿ ಎಳೆದುಕೊಂಡು ಹೋಗಬೇಕು. ನಾವು ಕೋಣೆ ಸೇರುವಾಗ ಹಾಸಿಗೆಯ ಮೇಲೆ ಒಂದು ಹಾಳೆ ಇಟ್ಟಿದ್ದರು. ದಿನಾ ಒಂದು ಹಾಳೆ ಬರುತ್ತದಂತೆ, ಎಲ್ಲಿ ಏನು, ಯಾವ ಹಾಲಿಗೆ ಯಾವ ಬಟ್ಟೆ ಎಂದು. ಮೊಮ್ಮಗಳು ಓದಿದಳು. ಮೇಲಿನ ಡೆಕ್ಕಿನಲ್ಲಿ ಬಡಿಸಿಕೊಂಡು ತಿನ್ನುವ ಜಾಗಕ್ಕೆ ಯಾವ ಬಟ್ಟೆಯಾದರೂ ಆದೀತು. ಕೆಳಗಿನ ದೊಡ್ಡ ಹಾಲಿನಲ್ಲಿ ಟೇಬಲ್ಲಿಗೆ ತಂದು ಬಡಿಸುತ್ತಾರೆ, ಅಲ್ಲಿಗೆ ಹಾಫ್ ಪ್ಯಾಂಟು, ರಬ್ಬರ್ ಚಪ್ಪಲಿ, ಮಲಗುವ ಬಟ್ಟೆ ಬೇಡ.

"ನೈಟಿ ಅಂದ್ರ ಮಲಗೂ ಬಟ್ಟಿನ ಅಲ್ಲೇನವ್ವಾ?" ಎಂದೆ.

"ಅರೆ ಮಾವಶಿ, ಅಜ್ಜಿಗೆ ಯಾರು ಏನು ಹೇಳ್ತಾರೆ? ಟೆನ್ಶನ್ ಬೇಡ."

ಮೊದಲ ಸಂಜೆ ಎಂಟಕ್ಕೆ ಎಲ್ಲರೂ ಕೆಳಗಿನ ಹಾಲಿನ ಬಾಗಿಲಿಗೆ ಹೋದೆವು. ಸಾಲು ಇತ್ತು. ಬಾಗಿಲಲ್ಲಿ ಕಪ್ಪು ಕೋಟಿನ ಒಬ್ಬ ಹೆಂಗಸು ನಿಂತಿದ್ದಳು. ನಮ್ಮ ಮುಂದೆ ಹಾಫ್ ಪ್ಯಾಂಟಿನ ಒಬ್ಬ ಗಂಡಸು. ಅವಳು ನಗುತ್ತಲೇ ಅವನಿಗೆ ಏನೋ ಹೇಳಿದಳು, ಅವನು ಮುಖ ಸಣ್ಣ ಮಾಡಿಕೊಂಡು ವಾಪಸು ಹೋದ. ನಾನು ಅಮ್ಮನನ್ನು ನೋಡಿದೆ. ನೀಲಿ ಹೂವಿನ ನೈಟಿ, ಹೆಗಲಿಗೆ ಟವೆಲ್, ಪಟ್ಟಿ ಹಾಕಿದ ಚಪ್ಪಲಿ. ಹಿಂದಿನ ಸಾಲಿನಲ್ಲಿ ಸೆಂಟಿನ ವಾಸನೆಯ ಹೆಂಗಸರು. ವೀಲ್‌ಚೇರನ್ನು ಅಲ್ಲೇ ತಿರುಗಿಸಿದೆ.

"ಎಂತ ಮಾವಶಿ, ಎಲ್ಲಿಗೆ?" ಎಂದ ಮಗ.

"ಮ್ಯಾಲ ಹೋಗಿ ಉಣಸ್ತೀನ್ರಿ. ಅಮ್ಮಾರಿಗೆ ಗದ್ಲ ಸೇರಂಗಿಲ್ಲ."

"ಒಂದು ಸಲ ಕೇಳಿ ನೋಡುವ."

"ಕೇಳಿ ಬ್ಯಾಡ ಅನಸ್ಕೊಳ್ಳೂದು ಯಾಕ್ರೀ? ನೀವ ಹೋಗ್ರಿ, ಸಾಲ ತಡೀಬ್ಯಾಡ್ರಿ."

ಸೊಸೆ ನನ್ನ ಜೊತೆ ಬರುತ್ತೇನೆಂದಳು. ಅವಳನ್ನೂ ಕಳಿಸಿದೆ. ಅಮ್ಮನಿಗೆ ಗದ್ದಲ ಸೇರುವುದಿಲ್ಲ ಎಂದದ್ದು ಸುಳ್ಳು. ಹೋಟೆಲಿನ ಗದ್ದಲದಲ್ಲೇ ನಲವತ್ತು ವರ್ಷ ಬದುಕಿದ ಹೆಂಗಸು. ಸೇರದೆ ಹೋದದ್ದು ನನಗೆ. ನಮ್ಮ ಕೆಲಸದಲ್ಲಿ ರೋಗಿಯನ್ನು ನೋಡಿದವರು ಮೊದಲು ಅವರ ತಲೆ ಬಾಚಿದೆಯೇ, ಬಟ್ಟೆ ಶುಭ್ರವಿದೆಯೇ ಎಂದು ನೋಡುತ್ತಾರೆ, ಆಮೇಲೆ ಹಿಂದೆ ನಿಂತ ನಮ್ಮ ಮುಖ ನೋಡುತ್ತಾರೆ. ನನ್ನ ರೋಗಿಯನ್ನು ಬಟ್ಟೆ ಸರಿಯಿಲ್ಲ ಎಂದು ಬಾಗಿಲಿನಿಂದ ಕಳಿಸುವುದು ನನಗೆ ಬೇಕಿರಲಿಲ್ಲ. ಅವರು ಕಳಿಸುವ ಮೊದಲೇ ನಾನು ತಿರುಗಿಸಿದೆ.

ಮೇಲಿನ ಡೆಕ್ಕಿನಲ್ಲಿ ಜನ ಒದ್ದೆ ತಲೆಯಲ್ಲಿ, ಬನಿಯನ್ನಿನಲ್ಲಿ ಕೂತು ತಿನ್ನುತ್ತಿದ್ದರು. ನಮಗೆ ನಾಲ್ಕು ಕುರ್ಚಿಯ ಟೇಬಲ್ ಸಿಕ್ಕಿತು. ಒಂದರಲ್ಲಿ ನಾನು. ಉಳಿದ ಮೂರನ್ನು ನೋಡಿ ಅಮ್ಮ ಬಲೆ ಎಂದರು.

ಮರುದಿನ ಬೆಳಿಗ್ಗೆ ಮೊಮ್ಮಗಳು ಕೋಣೆಗೆ ಬಂದಳು. "ಮಾವಶಿ, ನಾನು ಕೌಂಟರಿನಲ್ಲಿ ಪೂಛ್ಕೆ ಬರ್ತೇನೆ. ವೀಲ್‌ಚೇರ್ ಇದ್ದವರಿಗೆ ಏನು ರೂಲ್ ಅಂತ. ದೋ ಮಿನಿಟ್."

"ಬ್ಯಾಡವ್ವಾ. ಕೈ ಕಾಲ ಇಲ್ಲ, ಕರುಣೆ ತೋರಸ್ರಿ ಅಂತ ಕೇಳೂದೇನು? ನಿಮ್ಮವ್ವ ಸೀರಿ ತಂದಾಳ ಹೌದಲ್ಲ? ನಾ ಉಡಸ್ತೀನಿ."

ಸೊಸೆ ಅನುಮಾನಿಸಿದಳು. "ಅದು ಫೋಟೋಕ್ಕೆ ಮೇಲಿಂದ ಹೊದೆಸುವ ಅಂತ ತಂದದ್ದು. ಅತ್ತೆ ಸೀರೆ ಉಡದೆ ಮೂರು ವರ್ಷ ಆಯ್ತು. ನೈಟಿಯ ಮೇಲೆ ಸೆರಗು ಹಾಕಿದ್ರೆ ಸಾಕಲ್ವಾ?"

"ಅರ್ಧಾ ಮುರ್ಧಾ ಮಾಡಿದ್ರ ಮಂದಿ ನಗತಾರ. ಉಟ್ರ ಸುದ್ಧ ಉಡಬೇಕ್ರಿ."

ಆ ಹುಡುಗಿ ಎರಡು ನಿಮಿಷ ಎಂದಿದ್ದಳು. ಎರಡು ನಿಮಿಷದಲ್ಲಿ ಮುಗಿಯಬೇಕಾದದ್ದನ್ನು ನಾನು ಎರಡು ದಿನದ ಕೆಲಸ ಮಾಡಿಕೊಂಡೆ.

ನಿಲ್ಲಲಾರದವರಿಗೆ ಸೀರೆ ಉಡಿಸುವುದು ಹೇಗೆ ಎಂದು ಯಾವ ಬ್ಯೂರೋದಲ್ಲೂ ಕಲಿಸುವುದಿಲ್ಲ. ಆ ಸಂಜೆ ನಾನು ಹೀಗೆ ಮಾಡಿದೆ. ಸೊಸೆಯ ಲಂಗವನ್ನು ಕಾಲಿನಿಂದ ಏರಿಸಿ, ಅಮ್ಮನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ಸೊಂಟಕ್ಕೆ ತಂದೆ. ಲಾಡಿಯೊಳಗೆ ಎರಡು ಬೆರಳು ಆಡುವಷ್ಟು ಜಾಗ ಬಿಟ್ಟು ಕಟ್ಟಿದೆ, ಅದು ಕಲಿತ ನಿಯಮ. ಸೀರೆಯ ನೆರಿಗೆಯನ್ನು ಮೊದಲು ನನ್ನ ಮೈಮೇಲೇ ಹಿಡಿದು ಪಿನ್ನು ಹಾಕಿ, ಹಾಗೆಯೇ ಎತ್ತಿ ಅವರ ಸೊಂಟಕ್ಕೆ ಸಿಕ್ಕಿಸಿದೆ. ಕುಪ್ಪಸದ ಬಲಗಡೆಯ ಹೊಲಿಗೆ ಬಿಚ್ಚಿ ಎರಡು ಪಟ್ಟಿಯಿಂದ ಸೇರಿಸಿದೆ, ಸೆರಗು ಅದನ್ನು ಮುಚ್ಚಿತು. ಒಂದು ತಾಸು ಹಿಡಿಯಿತು. ಅಮ್ಮ ಮುಖ ತಿರುಗಿಸಿ ನಾಲ್ಕು ಸಲ ಬೊಡ್ಚಿ ಎಂದರು. ಹಟ, ಇರಲಿ ಎಂದುಕೊಂಡೆ.

ಉದ್ದನೆಯ ಓಣಿಯಂಥ ಹಾದಿಯಲ್ಲಿ ಅರ್ಧ ದೂರ ಹೋಗಿರಲಿಲ್ಲ, ಹಡಗು ಸ್ವಲ್ಪ ವಾಲಿತು. ಅಮ್ಮ ಕುರ್ಚಿಯಲ್ಲಿ ಮುಂದಕ್ಕೆ ಜಾರಿದರು. ರೇಷ್ಮೆ ಸೀರೆ, ಅಡಿಗೆ ನುಣುಪು ಲಂಗ. ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿದರೆ ಅಮ್ಮ ಬಂದರು, ಸೀರೆ ಬರಲಿಲ್ಲ. ನೆರಿಗೆಯೆಲ್ಲ ಬಿಚ್ಚಿ ಪಾದದ ಮೇಲೆ ಬಿತ್ತು. ಎದುರಿನಿಂದ ಬಂದ ಒಂದು ಸಂಸಾರ ಗೋಡೆಗೆ ಸರಿದು ದಾರಿ ಬಿಟ್ಟಿತು. ಟವೆಲ್ ಹೊದಿಸಿ ಕೋಣೆಗೆ ತಂದೆ.

"ಮಾವಶಿ, ಛೋಡೋ ನಾ. ನೈಟಿಯಲ್ಲಿ ಹೋಗೋಣ" ಎಂದಳು ಮೊಮ್ಮಗಳು. ಅವಳ ಕಣ್ಣಲ್ಲಿ ನೀರಿತ್ತು.

"ನಾಳಿ ನೋಡವ್ವಾ" ಎಂದೆ. ಎರಡನೆಯ ಊಟವೂ ಹೀಗೆ ಹೋಯಿತು. ಉಳಿದದ್ದು ಒಂದು.

ಮೂರನೆಯ ದಿನ ಹಡಗು ಗೋವಾದಲ್ಲಿ ನಿಂತಿತು. ಅವರು ಮೂವರೂ ಇಳಿದು ಹೋದರು. ನಾನು ಅಮ್ಮನಿಗೆ ಉಣಿಸಿ, ಮಲಗಿಸಿ, ಸೂಜಿ ದಾರ ಹಿಡಿದು ಕೂತೆ. ನುಣುಪು ಲಂಗ ಬೇಡವೆಂದು ನನ್ನದೇ ಹತ್ತಿ ಲಂಗ ತೆಗೆದು ಅವರ ಅಳತೆಗೆ ಕತ್ತರಿಸಿದೆ. ನೆರಿಗೆಗಳನ್ನು ಒಂದೊಂದಾಗಿ ಹೊಲಿದೆ. ಹೊಲಿದ ನೆರಿಗೆಯನ್ನು ಲಂಗಕ್ಕೇ ಸೇರಿಸಿ ಹೊಲಿದೆ. ಪಿನ್ನಿನ ಕೆಲಸವೇ ಇಲ್ಲ. ಇನ್ನು ಸೀರೆ ಬಿಚ್ಚಿಕೊಳ್ಳುವಂತಿರಲಿಲ್ಲ. ಆದರೆ ಜಾರುವುದು ಜಾರುತ್ತದೆ. ಜರಿಯ ಭಾರವೆಲ್ಲ ಒಂದು ಲಾಡಿಯ ಮೇಲೆ ನಿಂತಿತ್ತು, ಎರಡು ಬೆರಳು ಬಿಟ್ಟರೆ ಅಮ್ಮನನ್ನು ಎತ್ತುವಾಗ ಮತ್ತೆ ಅದೇ ಕಥೆ.

ಇಲ್ಲಿ ನನ್ನ ಮೈಯ ವಿಷಯ ಒಂದು ಹೇಳಬೇಕು. ನನ್ನ ಸೊಂಟದ ಸುತ್ತ ಒಂದು ಕಪ್ಪು ಗೆರೆ ಇದೆ. ಲಾಡಿಯದು. ಕಟ್ಟಡದ ಕೂಲಿಗಿದ್ದಾಗ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವಾಗ, ಬಗ್ಗಿ ನೆಲ ಒರೆಸುವಾಗ ಸೀರೆ ಸಡಿಲಾಗಬಾರದೆಂದು ಐವತ್ತು ವರ್ಷ ಬಿಗಿದು ಕಟ್ಟಿದ್ದರ ಗುರುತು. ಚರ್ಮ ಅಲ್ಲಿ ಚಪ್ಪಲಿಯ ತೊಗಲಿನಂತಾಗಿದೆ. ಬಿಗಿಯಾಗಿದ್ದರೆ ನನಗೆ ಸಮಾಧಾನ, ಸಡಿಲಾದರೆ ಬತ್ತಲೆ ನಿಂತಂತೆ. ನಮ್ಮ ಕಡೆಯ ದುಡಿಯುವ ಹೆಂಗಸರೆಲ್ಲರಿಗೂ ಹಾಗೆಯೇ. ಆ ಸಂಜೆ ಅಮ್ಮನ ಸೊಂಟಕ್ಕೆ ನನ್ನ ಸೊಂಟದ ಅಳತೆಯಲ್ಲಿ ಕಟ್ಟಿದೆ. ಎರಡು ಸುತ್ತು ಸುತ್ತಿ, ಎಳೆದು, ಬಲಗಡೆ ಗಂಟು ಹಾಕಿದೆ. ಬಲಗಡೆ ಯಾಕೆ? ನಾನು ಬಲಗಡೆಯೇ ಹಾಕಿಕೊಳ್ಳುವುದು. ಕೈ ತಾನಾಗಿ ಅಲ್ಲಿಗೆ ಹೋಯಿತು. ಆ ಕಡೆ ಅವರಿಗೆ ಏನೂ ಗೊತ್ತಾಗುವುದಿಲ್ಲ ಎಂಬುದು ತಲೆಗೆ ಬರಲಿಲ್ಲ.

ಎಡಗಡೆಯಂತೂ ಗೊತ್ತಾಗಿತ್ತು. ಅಮ್ಮ ಬೊಡ್ಚಿ ಎಂದರು. ಮುಖ ತಿರುಗಿಸಲಿಲ್ಲ. ನನ್ನನ್ನೇ ನೋಡುತ್ತ, ಎಡಗೈಯಿಂದ ನನ್ನ ಮುಂಗೈ ತಳ್ಳಿ ಹೇಳಿದರು.

ನೋಡಿದೆ. ಅದು ಯಾವ ಬೊಡ್ಚಿ ಎಂದು ನನಗೆ ಗೊತ್ತಿತ್ತು. ಗೊತ್ತಾಗಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ.

"ಇವತ್ತೊಂದ ದಿನ ತಡಕೋರಿ ಅಮ್ಮಾ. ಎಲ್ಲಾರೂ ಕುಂತ ಉಣ್ಣೂಣು" ಎಂದೆ. ಆ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟು, ಸುಮ್ಮನಿರಲೆಂದು ಅದರೊಳಗೆ ಒಂದು ಕರ್ಚೀಫು ತುರುಕಿದೆ. ಹೂವು ಮುಡಿಸಿದೆ. ಕುಂಕುಮ ಇಟ್ಟೆ. ಮಗ ಒಳಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

"ಅಮ್ಮಾ" ಎಂದ. ನನಗೆ ಅಷ್ಟೇ ಸಾಕಿತ್ತು.

ಸೀರೆ ಈ ಸಲ ಜಾರಲಿಲ್ಲ. ಬಾಗಿಲಲ್ಲಿ ಅದೇ ಕಪ್ಪು ಕೋಟಿನ ಹೆಂಗಸು. ಅಮ್ಮನನ್ನು ಕಂಡು ಮುಖ ಅರಳಿಸಿ ಬಗ್ಗಿ ನಿಂತು ಹಿಂದಿಯಲ್ಲಿ ಮಾತಾಡಿದಳು. ಹಿಂದಿ ನನಗೆ ಬರುತ್ತದೆ. ಮೊದಲ ದಿನ ನೀವು ಬಂದು ಹಿಂದಕ್ಕೆ ಹೋದಿರಿ, ಯಾಕೆ ಹೋದಿರಿ ಎಂದಳು. ನಿಮ್ಮನ್ನು ಸಾಲಿನಲ್ಲಿ ನೋಡಿ ಒಂದು ಕುರ್ಚಿ ತೆಗೆಸಿ ವೀಲ್‌ಚೇರಿಗೆ ಜಾಗ ಮಾಡಿಸಿದ್ದೆ, ನಿನ್ನೆಯೂ ಇಡಿಸಿದ್ದೆ ಎಂದಳು.

"ನೈಟಿಯಲ್ಲಿ ಇದ್ದರಲ್ಲ, ಅದಕ್ಕೆ" ಎಂದಳು ಸೊಸೆ, ತಡವರಿಸುತ್ತ.

ಕಪ್ಪು ಕೋಟಿನವಳಿಗೆ ಆಶ್ಚರ್ಯ. ಹುಷಾರಿಲ್ಲದವರಿಗೆ ಬಟ್ಟೆಯ ಮಾತೇ ಇಲ್ಲ ಎಂದಳು. ಅವತ್ತು ನಿಮ್ಮ ಮುಂದಿದ್ದ ಹಾಫ್ ಪ್ಯಾಂಟಿನ ಮನುಷ್ಯ ಈಜುವ ಕೊಳದಿಂದ ನೇರ ನೀರು ಸುರಿಸುತ್ತ ಬಂದಿದ್ದ, ಒಣಗಿಸಿಕೊಂಡು ಬನ್ನಿ ಎಂದು ಕಳಿಸಿದೆ ಎಂದಳು. ಒಳಗೆ ಬಂದು ನೋಡಿದರೆ ನಿಜ. ಕೋಟು ಹಾಕಿದವರು ಇದ್ದರು. ಅವರ ಪಕ್ಕದ ಟೇಬಲ್ಲಿನಲ್ಲಿ ಸಾದಾ ಟೀಶರ್ಟಿನವರೂ ಇದ್ದರು. ಒಂದು ಮಗು ಕರಡಿ ಚಿತ್ರದ ಮಲಗುವ ಬಟ್ಟೆಯಲ್ಲೇ ತಾಯಿಯ ಹೆಗಲಿಗೊರಗಿ ನಿದ್ದೆ ಮಾಡುತ್ತಿತ್ತು. ಅಮ್ಮನನ್ನು ಯಾರೂ ತಿರುಗಿ ನೋಡಲಿಲ್ಲ, ಸೀರೆ ನೋಡಿ ಹೊಗಳಲೂ ಇಲ್ಲ.

ಆಗಲಾದರೂ ನಾನು ಅಮ್ಮನನ್ನು ಕೋಣೆಗೆ ಕರೆದುಕೊಂಡು ಹೋಗಿ ಲಾಡಿ ಬಿಚ್ಚಿ ನೈಟಿ ತೊಡಿಸಿ ತರಬಹುದಿತ್ತು. ಕಾಲು ತಾಸಿನ ಕೆಲಸ. ಆದರೆ ಎರಡು ದಿನ ಕೂತು ಮಾಡಿದ ಕೆಲಸ ಅದು. ಅಷ್ಟು ಚೆಂದ ಬಂದಿತ್ತು. ಇರಲಿ ಬಿಡು ಎನಿಸಿತು.

ಟೇಬಲ್ಲಿಗೆ ಐದು ಜನ. "ಮಾವಶಿ, ನೀವೂ ಕೂತ್ಕೊಳ್ಳಿ, ಇವತ್ತು ಎಲ್ಲರೂ ಒಟ್ಟಿಗೆ" ಎಂದಳು ಸೊಸೆ. ಅಮ್ಮನ ಎಡಕ್ಕೆ ಕೂತೆ, ಎದುರಿಗೆ ಮೂರು ಕುರ್ಚಿ, ಮೂರೂ ತುಂಬಿದ್ದವು. ಮಗ ಮೊದಲ ಚಮಚ ತಾನೇ ಕುಡಿಸುತ್ತೇನೆಂದು ಸೂಪಿನ ಬಟ್ಟಲು ತೆಗೆದುಕೊಂಡ. ಹೋಟೆಲಿನವನಾದ್ದರಿಂದ ಮೊದಲು ತಾನು ರುಚಿ ನೋಡಿ, "ಉಪ್ಪು ಕಮ್ಮಿ ಉಂಟು. ನಮ್ಮಲ್ಲಾದ್ರೆ ಗಿರಾಕಿ ಎದ್ದು ಹೋಗ್ತಿದ್ದ" ಎಂದ. ಎಲ್ಲರೂ ನಕ್ಕರು. ಚಮಚ ಅಮ್ಮನ ತುಟಿಗೆ ತಂದ.

ಅಮ್ಮ ಬೊಡ್ಚಿ ಎಂದರು.

ಆಮೇಲೆ ಬಂದದ್ದಕ್ಕೆಲ್ಲ ಬೊಡ್ಚಿ. ಅನ್ನಕ್ಕೆ ಬೊಡ್ಚಿ, ಐಸ್‌ಕ್ರೀಮಿಗೆ ಬೊಡ್ಚಿ. ಹಣೆಯಲ್ಲಿ ಬೆವರು. ಎಡಗೈ ಕರ್ಚೀಫು ಬಿಟ್ಟು ಹೊಟ್ಟೆಯ ಮೇಲಿನಿಂದ ಬಲಕ್ಕೆ ಹೋಗುತ್ತಿತ್ತು. ನಾನು ತೆಗೆದು ತೊಡೆಯ ಮೇಲಿಡುತ್ತಿದ್ದೆ. ಮತ್ತೆ ಹೋಗುತ್ತಿತ್ತು. ಸೆರಗು ಕೆಡಿಸುತ್ತಾರೆ ಎಂದು ನನಗೆ ಸಿಟ್ಟು ಕೂಡ ಬಂತು. ಫೋಟೋ ತೆಗೆಯುವವನು ಬಂದ. ಮೂವರೂ ಎದ್ದು ಹಿಂದೆ ನಿಂತರು. ನಾನು ಪಕ್ಕಕ್ಕೆ ಸರಿದೆ. ಅಮ್ಮನ ಕೈ ಸರಿಪಡಿಸಲು ಆಗ ನಾನು ಇರಲಿಲ್ಲ.

ಒಂದೂವರೆ ತಾಸು ಕೂತೆವು. ಏಳುವಾಗ ಮಗ ಹೆಂಡತಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ಅಮ್ಮನಿಗೆ ನಾವೆಲ್ಲ ಒಟ್ಟಿಗೆ ಕೂತದ್ದು ಗೊತ್ತೇ ಆಗ್ಲಿಲ್ಲ ಅಂತ ಕಾಣ್ತದೆ. ಎಲ್ಲ ನಮ್ಮ ಖುಷಿಗೆ ಮಾಡಿದ ಹಾಗಾಯ್ತು."

ಬಲೆ, ಬಲೆ ಎಂದು ಮೂರು ವರ್ಷ ಕರೆದವರು, ಎಲ್ಲರೂ ಬಂದು ಕೂತ ಒಂದೇ ಊಟದಲ್ಲಿ ಬೊಡ್ಚಿ ಎಂದರು. ಮಗ ಅದನ್ನು ತನಗೆ ಹೇಳಿದ್ದು ಎಂದುಕೊಂಡ. ಹೇಳಿದ್ದು ನನಗೆ.

ಕೋಣೆಯಲ್ಲಿ ಮಲಗಿಸಿ ಸೀರೆ ತೆಗೆದೆ. ಗಂಟು ಬಿಚ್ಚಲು ಬರಲಿಲ್ಲ, ಬೆವರಿಗೆ ಬಿಗಿದು ಕೂತಿತ್ತು. ಕತ್ತರಿಯಿಂದ ಕತ್ತರಿಸಿದೆ. ಎಡಗಡೆ ಬೆರಳಗಲ ಕೆಂಪು ಗೆರೆ. ಎಡಕ್ಕೆ ಹೊರಳಿಸಿ ಬಲಗಡೆ ನೋಡಿದೆ. ಸೊಂಟದ ಮೂಳೆಯ ಮೇಲೆ ಗಂಟು ಒತ್ತಿದ ಜಾಗದಲ್ಲಿ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು, ನಡುವೆ ಗುಳ್ಳೆ ಎದ್ದು ಒಡೆದಿತ್ತು. ಬೆರಳಿಂದ ಒತ್ತಿ ಬಿಟ್ಟು ನೋಡಿದೆ. ಒಳ್ಳೆಯ ಚರ್ಮವಾದರೆ ಬಿಳುಪಾಗಿ ಮತ್ತೆ ಕೆಂಪಾಗಬೇಕು. ಆಗಲಿಲ್ಲ. ಒಳಗೆ ಸತ್ತಿದೆ ಎಂದು ತಿಳಿಯಿತು. ಅಮ್ಮ ಆ ಹೊತ್ತಿಗೆ ಶಾಂತವಾಗಿದ್ದರು. ಎಡಗಡೆಯ ನೋವು ನಿಂತಿತ್ತಲ್ಲ.

ಸೊಸೆಯನ್ನು ಕರೆದು ತೋರಿಸಿದೆ. "ನಾನ ಮಾಡಿದ್ದು. ಲಾಡಿ ಬಿಗದೆ" ಎಂದೆ. ಹಡಗಿನ ಡಾಕ್ಟರ್ ಬಂದು ತೊಳೆದು ಪಟ್ಟಿ ಹಾಕಿದ, ಸಕ್ಕರೆ ಎಷ್ಟಿದೆ ಎಂದು ಕೇಳಿ ಬರೆದುಕೊಂಡ.

ಸೊಸೆ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. "ಅತ್ತೆ ಚಂದ ಕಾಣ್ಲಿ ಅಂತ ಮಾಡಿದ್ದು ನೀವು. ಬೇಕಂತ ಮಾಡಿದ್ರಾ?" ಎಂದಳು. ಬೈದಿದ್ದರೆ ಒಳ್ಳೆಯದಿತ್ತು. ಅಮ್ಮ ಚೆಂದ ಕಾಣಲೆಂದು ಮಾಡಿದೆನೋ, ನಾನು ಚೆಂದ ಕಾಣಲೆಂದು ಮಾಡಿದೆನೋ ಎಂದು ಅವಳು ಕೇಳಬೇಕಿತ್ತು. ನನ್ನ ಡ್ಯೂಟಿ ಪುಸ್ತಕದಲ್ಲಿ ಆ ದಿನ ಬರೆದದ್ದು ಈಗಲೂ ಇದೆ. ಊಟ ಇಲ್ಲ. ಬಲ ಸೊಂಟ ಗಾಯ. ಲಾಡಿ.

ಸಾಂತಾಕ್ರೂಜಿಗೆ ಬಂದ ಮೇಲೆ ಗಾಯ ಮಾಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮೂಳೆಯ ಮೇಲಿನ ಗಾಯ ಬೇಗ ಮಾಯುವುದಿಲ್ಲ, ಮೇಲಿಂದ ಸಣ್ಣದು ಕಂಡರೂ ಒಳಗೆ ಗುಳಿ ಬೀಳುತ್ತದೆ. ದಿನಕ್ಕೆರಡು ಸಲ ಉಪ್ಪುನೀರಿನಿಂದ ತೊಳೆದು, ಗಾಜ್ ಪಟ್ಟಿ ತುಂಬಿ, ಎರಡು ತಾಸಿಗೊಮ್ಮೆ ಹೊರಳಿಸುತ್ತಿದ್ದೆ. ಡಾಕ್ಟರು ಕೂರಿಸಬೇಡಿ ಎಂದರು. ಅಮ್ಮ ಮತ್ತೆ ವೀಲ್‌ಚೇರಿನಲ್ಲಿ ಕೂರಲಿಲ್ಲ, ಡೈನಿಂಗ್ ಟೇಬಲ್ಲಿಗೆ ಬರಲಿಲ್ಲ.

ನಾನು ಕೆಲಸ ಬಿಡುತ್ತೇನೆ, ಬೇರೆಯವರನ್ನು ಕರೆಸಿಕೊಳ್ಳಿ ಎಂದು ಒಮ್ಮೆ ಮಗನಿಗೆ ಹೇಳಿದೆ.

"ನೀವು ಹೋದ್ರೆ ಅವರ ಮಾತು ಯಾರಿಗೆ ಅರ್ಥ ಆಗ್ತದೆ?" ಎಂದ.

ಮರುದಿನ ಅವನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ನನ್ನ ಕೈ ತಳ್ಳಿದರು, ನನಗೆ ತಿಳಿದಿತ್ತು, ಆದರೂ ಕಟ್ಟಿದೆ, ಟೇಬಲ್ಲಿನಲ್ಲಿ ಬೊಡ್ಚಿ ಎಂದದ್ದು ಲಾಡಿಗೆ, ನಿಮಗಲ್ಲ ಎಂದೆ. ಅವನು ಹೋಟೆಲಿನ ಬೀಗದ ಕೈ ಗೊಂಚಲನ್ನು ತಿರುಗಿಸುತ್ತ ಕೂತ. ಆಮೇಲೆ ಎದ್ದು ಕೆಲಸಕ್ಕೆ ಹೋದ. ಆ ವಾರದಿಂದ ಸೋಮವಾರ ಮಧ್ಯಾಹ್ನ ಮನೆಗೆ ಬಂದು ಉಣ್ಣತೊಡಗಿದ. ಮೊಮ್ಮಗಳೂ ಆ ಹೊತ್ತಿಗೆ ಆಫೀಸಿನಿಂದ ಬರುತ್ತಿದ್ದಳು, ಮೂವರೂ ಟೇಬಲ್ಲಿನ ಮೂರು ಕುರ್ಚಿಯಲ್ಲಿ ಕೂರುತ್ತಿದ್ದರು. ಒಳಗಿನ ಕೋಣೆಯಿಂದ, ಎಡಮಗ್ಗುಲಲ್ಲಿ ಮಲಗಿದ ಅಮ್ಮ ಬಲೆ ಎನ್ನುವುದು ಕೇಳುತ್ತಿತ್ತು. ಒಂದೆರಡು ಸೋಮವಾರ ತಟ್ಟೆ ಹಿಡಿದು ಒಳಗೆ ಹೋಗಿ ಕೂತರು. ಗಾಯದ ವಾಸನೆಗೆ ಊಟ ಇಳಿಯಲಿಲ್ಲ. ಅದರಲ್ಲಿ ಅವರ ತಪ್ಪಿಲ್ಲ.

ಆರನೆಯ ತಿಂಗಳು ಅಮ್ಮನಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು, ಉಳಿಯಲಿಲ್ಲ. ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಇರಲಿಕ್ಕಿಲ್ಲ. ಆದರೆ ಮಗ ಮನೆಗೆ ಬಂದು ಉಂಡ ಅಷ್ಟೂ ಸೋಮವಾರ ಅಮ್ಮ ಟೇಬಲ್ಲಿನಲ್ಲಿ ಇರಬಹುದಿತ್ತು. ನೀಲಿ ಹೂವಿನ ನೈಟಿಯಲ್ಲಿ.

ಈಗ ನಾನು ಯಾವ ರೋಗಿಗೂ ಲಾಡಿ ಕಟ್ಟುವುದಿಲ್ಲ. ಮನೆಯವರು ಮದುವೆಗೆ, ಪೂಜೆಗೆ ಸೀರೆ ಉಡಿಸಿ ಎಂದರೆ ನೈಟಿಯ ಮೇಲೆ ಸೆರಗು ಹೊದಿಸಿ, ಅಷ್ಟೇ ಎನ್ನುತ್ತೇನೆ. ಯಾವ ಜಾಗಕ್ಕೆ ಹೋಗುವುದಿದ್ದರೂ ಬಾಗಿಲಲ್ಲಿರುವವರನ್ನು ಬಾಯಿಬಿಟ್ಟು ಕೇಳುತ್ತೇನೆ. ಇಲ್ಲ ಎಂದರೆ ಇಲ್ಲ, ಅದರಿಂದ ಯಾರ ಸೊಂಟದ ಮೇಲೂ ಗಾಯವಾಗುವುದಿಲ್ಲ.

ಆ ಹಡಗಿನ ಫೋಟೋ ಹೋಟೆಲಿನ ಗಲ್ಲಾದ ಹಿಂದೆ, ದೇವರ ಪಟದ ಪಕ್ಕ ಹಾಕಿದ್ದಾರೆ. ಸಾಂತಾಕ್ರೂಜಿನಲ್ಲಿ ಇಳಿದಾಗ ಒಮ್ಮೊಮ್ಮೆ ಅಲ್ಲಿ ಚಹಾ ಕುಡಿಯುತ್ತೇನೆ. ಕಳೆದ ಸಲ ಒಬ್ಬ ಗಿರಾಕಿ ಬಿಲ್ಲು ಕೊಡುತ್ತ ಅದನ್ನೇ ನೋಡುತ್ತಿದ್ದ.

"ನಿಮ್ಮ ತಾಯಿಯವರಾ? ಎಂಥ ಗತ್ತು ನೋಡಿ, ಸೊಂಟಕ್ಕೆ ಕೈ ಇಟ್ಟು ಕೂತದ್ದು, ರಾಣಿಯ ಹಾಗೆ" ಎಂದ.

ಮಗ ಹೌದು ಎಂದ. ನನ್ನ ಕಡೆ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ. ಆ ಕೈ ಗಂಟು ಹುಡುಕುತ್ತಿದೆ ಎಂಬುದು ಆ ಹೋಟೆಲಿನಲ್ಲಿ ನಮ್ಮಿಬ್ಬರಿಗೇ ಗೊತ್ತು.